ಸೆಲೆಕ್ಷನ್ ದಿನ ಸಣ್ಣಾಂವ ಇದ್ದ ಹುಡುಗ: ರಗ್ಬಿ ಲೀಗ್ ಅಕಾಡೆಮಿಗಳಿಂದ ಮಮದಾಪುರಕ್ಕೆ ಒಂದು ಪಾಠ

ಹೈಸ್ಕೂಲಿನಲ್ಲಿ ಕಬಡ್ಡಿ, ಖೋಖೋ ಆಡಿ ಬಂದವರು ನಮ್ಮ ಕ್ಯಾಂಪಸ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ. ತಾಲ್ಲೂಕು ಸೆಲೆಕ್ಷನ್‌ಗೆ ಹೋಗಿ, "ನೀ ಇನ್ನೂ ಸಣ್ಣಾಂವ ಅದಿ, ಮುಂದಿನ ವರ್ಷ ಬಾ" ಅಂತ ಕೇಳಿಸಿಕೊಂಡು ವಾಪಸ್ ಬಂದವರೂ ಇದ್ದಾರೆ. ಆ 'ಮುಂದಿನ ವರ್ಷ' ಬಹಳ ಜನರ ಪಾಲಿಗೆ ಬರೋದೇ ಇಲ್ಲ. ಈ ಲೇಖನದಲ್ಲಿ ನಾವು ಕೇಳುವ ಪ್ರಶ್ನೆ ಇದು: ಹದಿಮೂರು ವರ್ಷದ ಹುಡುಗನನ್ನೋ ಹುಡುಗಿಯನ್ನೋ ಒಂದು ದಿನ ನೋಡಿ "ಪ್ರತಿಭೆ ಐತಿ", "ಪ್ರತಿಭೆ ಇಲ್ಲ" ಅಂತ ಹೇಳಬಹುದೇ? ಹೇಳಿದರೆ ಎಲ್ಲಿ ತಪ್ಪುತ್ತೇವೆ? ಇದನ್ನು ಅಳತೆಯ ಸಮಸ್ಯೆ ಎಂದು ತೆಗೆದುಕೊಂಡರೆ ಎಂಜಿನಿಯರಿಂಗ್ ಓದುವ ನಮಗೂ ಇದರಲ್ಲಿ ಕೆಲಸ ಇದೆ.

ಈ ಪ್ರಶ್ನೆಯನ್ನು ಚೆನ್ನಾಗಿ ಅಭ್ಯಾಸ ಮಾಡಿದ ಆಟಗಳಲ್ಲಿ ರಗ್ಬಿ ಲೀಗ್ ಒಂದು. ಅಲ್ಲಿಂದಲೇ ಶುರು ಮಾಡೋಣ. ಆಮೇಲೆ ನಮ್ಮ ಬಬಲೇಶ್ವರ ತಾಲ್ಲೂಕಿನ ಮಮದಾಪುರದ ಕಡೆ ಬರೋಣ.

ರಗ್ಬಿ ಲೀಗ್ ಅಂದ್ರೆ ಯಾವ ಆಟ?

ರಗ್ಬಿಯಲ್ಲಿ ಎರಡು ಬಗೆ. ಒಂದು ರಗ್ಬಿ ಯೂನಿಯನ್, ಅದರಲ್ಲಿ ತಂಡಕ್ಕೆ 15 ಜನ. ಇನ್ನೊಂದು ರಗ್ಬಿ ಲೀಗ್, ತಂಡಕ್ಕೆ 13 ಜನ. ಲೀಗ್‌ನಲ್ಲಿ ಚೆಂಡು ಹಿಡಿದ ತಂಡಕ್ಕೆ ಆರು ಟ್ಯಾಕಲ್‌ಗಳ ಅವಕಾಶ. ಅಷ್ಟರಲ್ಲಿ ಅಂಕ ಬರದಿದ್ದರೆ ಚೆಂಡು ಎದುರಾಳಿಗೆ. ಮೈಗೆ ಮೈ ತಾಗಿಸಿ, ಹಿಡಿದು ಕೆಡವುವ ಆಟ. ನಮ್ಮಲ್ಲಿ ಇದರ ಸಮೀಪದ ಸಂಬಂಧಿ ಯಾವುದು ಅಂದ್ರೆ ಕಬಡ್ಡಿ. ಒಬ್ಬ ರೇಡರ್‌ನನ್ನು ನಾಲ್ಕು ಜನ ಸೇರಿ ಹಿಡಿಯುವ ದೃಶ್ಯ ನೆನೆಸಿಕೊಳ್ಳಿ, ಅರ್ಧ ಆಟ ಅರ್ಥವಾದಂತೆ.

ಈ ಆಟದ ಹುಟ್ಟಿನ ಕಥೆ ನಮಗೆ ಮುಂದೆ ಬೇಕಾಗುತ್ತದೆ. 1895ರ ಆಗಸ್ಟ್ 29ರಂದು ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿ ಹಳೆಯ ಸಂಸ್ಥೆಯಿಂದ ಹೊರಬಂದವು. ಜಗಳ ಇದ್ದದ್ದು ಕೂಲಿಯ ಬಗ್ಗೆ. ಅಲ್ಲಿನ ಆಟಗಾರರು ಗಿರಣಿ, ಕಲ್ಲಿದ್ದಲು ಗಣಿಗಳಲ್ಲಿ ದುಡಿಯುವವರು. ಆಡಲು ಹೋದ ದಿನ ಅವರ ಕೂಲಿ ತಪ್ಪುತ್ತಿತ್ತು. ತಪ್ಪಿದ ಕೂಲಿಯನ್ನು ಕ್ಲಬ್ಬು ತುಂಬಿಕೊಡಬೇಕು ಎಂಬುದು ಉತ್ತರದವರ ಬೇಡಿಕೆ. ಲಂಡನ್ನಿನ ದೊಡ್ಡವರು ಒಪ್ಪಲಿಲ್ಲ. ಆಟವೇ ಎರಡಾಯಿತು.

ಅಕಾಡೆಮಿ ಹೇಗೆ ನಡೆಯುತ್ತದೆ?

ಇಂಗ್ಲೆಂಡಿನ ಸೂಪರ್ ಲೀಗ್ ಕ್ಲಬ್ಬುಗಳಲ್ಲಿ ಮೆಟ್ಟಿಲುಗಳಿವೆ. ಊರಿನ ಹವ್ಯಾಸಿ ಕ್ಲಬ್ಬಿನಲ್ಲಿ ಆಡುವ ಮಕ್ಕಳಲ್ಲಿ ಕೆಲವರನ್ನು 15–16ರ ವಯಸ್ಸಿಗೆ 'ಸ್ಕಾಲರ್‌ಶಿಪ್' ಹಂತಕ್ಕೆ ಕರೆಯುತ್ತಾರೆ. ಅಲ್ಲಿಂದ 18ರೊಳಗಿನವರ ಅಕಾಡೆಮಿ, ಆಮೇಲೆ ಮುಖ್ಯ ತಂಡ. ಆಸ್ಟ್ರೇಲಿಯಾದಲ್ಲೂ ಹೀಗೆಯೇ ವಯಸ್ಸಿನ ಪ್ರಕಾರ ಟೂರ್ನಿಗಳಿವೆ. ಸಿಡ್ನಿಯ ಪಶ್ಚಿಮ ಅಂಚಿನ ಪೆನ್‌ರಿತ್ ಪ್ಯಾಂಥರ್ಸ್ ಕ್ಲಬ್ 2021ರಿಂದ 2024ರವರೆಗೆ ಸತತ ನಾಲ್ಕು ಸಲ ಅಲ್ಲಿನ ಚಾಂಪಿಯನ್ ಆಯಿತು. ಆ ತಂಡದ ಬೆನ್ನೆಲುಬು ಹೊರಗಿಂದ ಕೊಂಡು ತಂದವರಲ್ಲ, ಕ್ಲಬ್ಬಿನ ಜೂನಿಯರ್ ತಂಡಗಳಲ್ಲೇ ಬೆಳೆದವರು. ನೇಥನ್ ಕ್ಲಿಯರಿ, ಜರೋಮ್ ಲುವಾಯ್, ಬ್ರಯಾನ್ ಟೊಒ, ಸ್ಟೀಫನ್ ಕ್ರೈಟನ್ ಇವರೆಲ್ಲ ಆ ದಾರಿಯಿಂದ ಬಂದವರು.

ಕ್ಲಬ್ಬುಗಳು ಇಷ್ಟು ತಲೆಕೆಡಿಸಿಕೊಳ್ಳಲು ಒಂದು ಕಾರಣ ಲೆಕ್ಕಾಚಾರ. ಅಲ್ಲಿ ಸಂಬಳಕ್ಕೆ ಮಿತಿ ಇದೆ, ಒಂದು ತಂಡ ಇಷ್ಟೇ ಖರ್ಚು ಮಾಡಬೇಕು ಅಂತ. ದುಡ್ಡಿದ್ದವರು ಎಲ್ಲ ಸ್ಟಾರ್‌ಗಳನ್ನೂ ಕೊಂಡುಕೊಳ್ಳುವ ಹಾಗಿಲ್ಲ. ಬೆಳೆಸಿದವರಲ್ಲಿ ಕೆಲವರು ದೊಡ್ಡ ಸಂಬಳಕ್ಕೆ ಬೇರೆ ಕಡೆ ಹೋಗುತ್ತಾರೆ. ಕ್ರೈಟನ್, ಲುವಾಯ್ ಇಬ್ಬರೂ ಹಾಗೆ ಹೋದರು. ಹಾಗಾಗಿ ಕೆಳಗಿನಿಂದ ಹೊಸಬರು ಬರ್ತಾನೇ ಇರಬೇಕು. ಕೆಳಗಿನ ಮೆಟ್ಟಿಲಲ್ಲಿ ತಪ್ಪು ಮಕ್ಕಳನ್ನು ಆರಿಸಿದರೆ ಐದಾರು ವರ್ಷದ ನಂತರ ಅದರ ಬೆಲೆ ಕಟ್ಟಬೇಕಾಗುತ್ತದೆ.

ಹುಟ್ಟಿದ ತಿಂಗಳು ಆಡುವ ಆಟ

ಇಂಗ್ಲೆಂಡಿನಲ್ಲಿ ವಯಸ್ಸಿನ ಗುಂಪು ಸೆಪ್ಟೆಂಬರ್ 1ರಿಂದ ಲೆಕ್ಕ. ಸೆಪ್ಟೆಂಬರಿನಲ್ಲಿ ಹುಟ್ಟಿದ ಹುಡುಗ, ಮುಂದಿನ ಆಗಸ್ಟಿನಲ್ಲಿ ಹುಟ್ಟಿದ ಹುಡುಗ ಇಬ್ಬರೂ ಒಂದೇ ಗುಂಪು. ನಡುವೆ ಹೆಚ್ಚು ಕಡಿಮೆ 11 ತಿಂಗಳ ಅಂತರ. ಹದಿಮೂರರ ವಯಸ್ಸಿಗೆ ಅದು ಇಡೀ ಬದುಕಿನ ಶೇ 7ರಷ್ಟಾಯಿತು. ಮೈ ಬೆಳೆಯುವ ವಯಸ್ಸಿನಲ್ಲಿ ಇದು ಸಣ್ಣ ಸಂಖ್ಯೆ ಅಲ್ಲ.

ಈ ಪರಿಣಾಮವನ್ನು ಮೊದಲು ದೊಡ್ಡದಾಗಿ ಗಮನಕ್ಕೆ ತಂದದ್ದು 1985ರಲ್ಲಿ, ಕೆನಡಾದ ಐಸ್ ಹಾಕಿಯಲ್ಲಿ, ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು. ರಗ್ಬಿ ಲೀಗ್‌ನಲ್ಲಿ ಲೀಡ್ಸ್‌ನ ಕೆವಿನ್ ಟಿಲ್ ಮತ್ತು ಸಂಗಡಿಗರು ಇದನ್ನೇ ಹುಡುಕಿದರು. ಸೆಲೆಕ್ಟ್ ಆದ ಮಕ್ಕಳಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ಅವರ ಪಾಲಿಗಿಂತ ಬಹಳ ಜಾಸ್ತಿ, ಕೊನೆಯ ಮೂರು ತಿಂಗಳವರು ಬಹಳ ಕಡಿಮೆ. ಸೆಲೆಕ್ಷನ್ ಮಟ್ಟ ಮೇಲೇರಿದಂತೆ ಈ ಓರೆ ಇನ್ನಷ್ಟು ಎದ್ದು ಕಾಣುತ್ತಿತ್ತು. ಪ್ರತಿಭೆ ಕ್ಯಾಲೆಂಡರ್ ನೋಡಿ ಹುಟ್ಟೋದಿಲ್ಲ, ಅಲ್ವಾ? ಹಾಗಾದರೆ ಆರಿಸುವವರು ಅಳೆದದ್ದು ಪ್ರತಿಭೆಯನ್ನಲ್ಲ, ಅವತ್ತಿನ ಮೈಯ ಅಳತೆಯನ್ನು.

ಇಲ್ಲಿ ಒಂದು ಪಾಸಿಟಿವ್ ಫೀಡ್‌ಬ್ಯಾಕ್ ಲೂಪ್ ಇದೆ ನೋಡಿ. ಸ್ವಲ್ಪ ದೊಡ್ಡವನಾದ ಹುಡುಗ ಸೆಲೆಕ್ಟ್ ಆಗುತ್ತಾನೆ. ಅವನಿಗೆ ಒಳ್ಳೆಯ ಕೋಚ್, ಒಳ್ಳೆಯ ಊಟ, ಹೆಚ್ಚು ಮ್ಯಾಚ್ ಸಿಗುತ್ತವೆ. ಎರಡು ವರ್ಷದಲ್ಲಿ ಅವನು ನಿಜವಾಗಿಯೂ ಮುಂದಿರುತ್ತಾನೆ. ಆಗ ಆರಿಸಿದವರು "ನಮ್ಮ ಕಣ್ಣು ಸರಿ ಇತ್ತು" ಅಂತಾರೆ. ಬಿಟ್ಟುಹೋದ ಹುಡುಗನ ಬಗ್ಗೆ ಯಾವ ಡೇಟಾವೂ ಇಲ್ಲ, ಯಾಕಂದ್ರೆ ಅವನು ಆಟವನ್ನೇ ಬಿಟ್ಟಿದ್ದಾನೆ. ಆಯ್ಕೆ ತಪ್ಪಾಗಿತ್ತು ಅಂತ ತೋರಿಸಬೇಕಾದ ಸಾಕ್ಷಿಯನ್ನು ಆ ಆಯ್ಕೆಯೇ ಅಳಿಸಿಹಾಕುತ್ತದೆ.

ಅಳಿಸಿ ಹೋಗದ ಒಂದು ಸಾಕ್ಷಿಯ ಹೆಸರು ರಾಬ್ ಬರೋ. ಎತ್ತರ ಬರೇ 165 ಸೆಂ.ಮೀ. ಹಿಡಿದು ಕೆಡವುವ ಈ ಆಟಕ್ಕೆ ಬಹಳ ಸಣ್ಣವನು ಎಂಬ ಮಾತು ಅವನ ಬೆನ್ನಿಗೇ ಇತ್ತು. ಲೀಡ್ಸ್ ರೈನೋಸ್ ಕ್ಲಬ್ ಅವನನ್ನು ತನ್ನ ಯುವ ತಂಡದಲ್ಲಿ ಬೆಳೆಸಿತು. 2001ರಿಂದ 2017ರವರೆಗೆ ಅದೇ ಕ್ಲಬ್ಬಿಗೆ 492 ಪಂದ್ಯ ಆಡಿದ. ಎಂಟು ಸಲ ಸೂಪರ್ ಲೀಗ್ ಫೈನಲ್ ಗೆದ್ದ ತಂಡದಲ್ಲಿದ್ದ, ಎರಡು ಸಲ ಫೈನಲ್‌ನ ಶ್ರೇಷ್ಠ ಆಟಗಾರ ಎನಿಸಿದ. ಅಳತೆ ಪಟ್ಟಿ ಹಿಡಿದು ಮೊದಲ ದಿನವೇ ಗೇಟಿನಿಂದ ಹೊರಗೆ ಕಳಿಸಿದ್ದರೆ?

ನಮ್ಮ ಕಡೆಯ 'ಜೂನ್ 1'

ಈಗ ಇದೇ ಪಾಠವನ್ನು ನಮ್ಮೂರಿಗೆ ತರೋಣ. ಮಮದಾಪುರ ಅಂದ್ರೆ ಎಲ್ಲರಿಗೂ ಮೊದಲು ನೆನಪಾಗೋದು ಆದಿಲ್‌ಶಾಹಿ ಕಾಲದ ದೊಡ್ಡ ಕೆರೆ. ಸುತ್ತ ಎರೆಭೂಮಿ, ಜೋಳ. ಇಂಥ ಊರಿನ ಮಗುವಿಗೆ ವಿಜಯಪುರದ ಸೆಲೆಕ್ಷನ್ ಅಂದರೆ ಬೆಳಿಗ್ಗೆ ಬಸ್ ಹಿಡಿಯಬೇಕು, ಜೊತೆಗೆ ಅಪ್ಪನೋ ಅವ್ವನೋ ಬರಬೇಕು, ಅವರ ಒಂದು ದಿನದ ದುಡಿಮೆ ಹೋಗಬೇಕು.

ಇಲ್ಲಿ ಹುಟ್ಟಿದ ತಿಂಗಳ ಅಧ್ಯಯನ ಮಾಡ್ತೀವಿ ಅಂದ್ರೆ ಒಂದು ವಿಚಿತ್ರ ತೊಂದರೆ ಎದುರಾಗುತ್ತದೆ. ಹಳ್ಳಿ ಶಾಲೆಗಳ ಹಳೆಯ ದಾಖಲೆ ತೆಗೆದು ನೋಡಿ, ಎಷ್ಟೋ ಜನರ ಹುಟ್ಟಿದ ದಿನ ಜೂನ್ 1. ಶಾಲೆ ಶುರುವಾಗುವ ಹೊತ್ತಿಗೆ ಮಗುವಿಗೆ ವಯಸ್ಸು ತುಂಬಬೇಕಲ್ಲ, ಮಾಸ್ತರರು ಅಂದಾಜಿನಲ್ಲಿ ಬರೆದ ದಿನ ಅದು. ನಮ್ಮ ಅಪ್ಪ, ಕಾಕಾ, ಮಾವಂದಿರಲ್ಲಿ ಜೂನ್ 1ರವರು ಇಲ್ಲದ ಮನೆ ಹುಡುಕುವುದೇ ಕಷ್ಟ. ಈಗ ಹೆರಿಗೆ ಆಸ್ಪತ್ರೆಯಲ್ಲಿ ಆಗೋದರಿಂದ ಈ ರೂಢಿ ಕಡಿಮೆಯಾಗಿದೆ. ಆದರೂ ವಯಸ್ಸಿನ ಸರ್ಟಿಫಿಕೇಟ್ ಒಂದನ್ನೇ ನಂಬಿ ಮಕ್ಕಳನ್ನು ಹೋಲಿಸುವ ಪದ್ಧತಿಗೆ ಅದು ಗಟ್ಟಿ ಬುನಾದಿ ಅಲ್ಲ.

ಇನ್ನೊಂದು ಮಾತು. ಹುಟ್ಟಿದ ದಿನ ಪಕ್ಕಾ ಗೊತ್ತಿದ್ದರೂ ಸಾಲದು. ಒಂದೇ ದಿನ ಹುಟ್ಟಿದ ಇಬ್ಬರು ಹದಿಮೂರರ ಹುಡುಗರ ದೇಹದ ಪಕ್ವತೆಯಲ್ಲಿ ಮೂರು ನಾಲ್ಕು ವರ್ಷದಷ್ಟು ಅಂತರ ಇರಬಹುದು. ಒಬ್ಬನಿಗೆ ಮೀಸೆ ಚಿಗುರಿರುತ್ತೆ, ಇನ್ನೊಬ್ಬನ ದನಿಯೇ ಒಡೆದಿರಲ್ಲ. ಹಾಗಾದ್ರೆ ಅಳೆಯೋದು ಏನನ್ನು?

ಎತ್ತರವಲ್ಲ, ಎತ್ತರದ ಡೆರಿವೇಟಿವ್

ಮಕ್ಕಳ ಬೆಳವಣಿಗೆಯಲ್ಲಿ ಒಂದು ಘಟ್ಟ ಬರುತ್ತದೆ, ಎತ್ತರ ಅತಿ ವೇಗವಾಗಿ ಏರುವ ಕಾಲ. ಹುಡುಗಿಯರಲ್ಲಿ ಸರಾಸರಿ 12ರ ಆಸುಪಾಸು, ಹುಡುಗರಲ್ಲಿ 14ರ ಆಸುಪಾಸು. ಆಗ ಹುಡುಗರು ವರ್ಷಕ್ಕೆ 9–10 ಸೆಂ.ಮೀ., ಹುಡುಗಿಯರು 8 ಸೆಂ.ಮೀ. ತನಕ ಬೆಳೆಯುತ್ತಾರೆ. ಸ್ನಾಯುವಿನ ಬಲ ಜೋರಾಗಿ ಬರುವುದು ಇದರ ಸ್ವಲ್ಪ ನಂತರ. ಹಾಗಾಗಿ ಮಗು ಈ ಘಟ್ಟದ ಹಿಂದಿದೆಯೋ, ಮೇಲಿದೆಯೋ, ದಾಟಿದೆಯೋ ಎಂದು ತಿಳಿಯುವುದು ಮುಖ್ಯ.

ಲೆಕ್ಕಕ್ಕೆಂದು ಇಬ್ಬರು ಹುಡುಗರನ್ನು ಕಲ್ಪಿಸಿಕೊಳ್ಳಿ. 'ಅ' ಜೂನ್‌ನಲ್ಲಿ 163 ಸೆಂ.ಮೀ., ಡಿಸೆಂಬರ್‌ನಲ್ಲಿ 164. 'ಬ' ಜೂನ್‌ನಲ್ಲಿ 146, ಡಿಸೆಂಬರ್‌ನಲ್ಲಿ 150. ಸೆಲೆಕ್ಷನ್ ಡಿಸೆಂಬರ್‌ನಲ್ಲಿ ನಡೆದರೆ ಕೋಚ್ ಕಣ್ಣಿಗೆ ಬೀಳೋದು 164 ಮತ್ತು 150. ವೇಗ ತೆಗೆದರೆ 'ಅ' ವರ್ಷಕ್ಕೆ 2 ಸೆಂ.ಮೀ., 'ಬ' ವರ್ಷಕ್ಕೆ 8 ಸೆಂ.ಮೀ. ಅಂದರೆ 'ಅ'ನ ಬೆಳವಣಿಗೆ ಬಹುಪಾಲು ಮುಗಿಯುತ್ತ ಬಂದಿದೆ, 'ಬ'ನದು ಈಗ ಭರದಲ್ಲಿದೆ. 30 ಮೀಟರ್ ಓಟದಲ್ಲಿ ಇಬ್ಬರೂ ಸಮಾನ ಬಂದರು ಅಂತಿಟ್ಟುಕೊಳ್ಳಿ. ಆ ಸಮಾನತೆಯ ಅರ್ಥ ಈಗ ಬದಲಾಯಿತಲ್ಲ?

ಎಚ್ಚರಿಕೆ ಒಂದಿದೆ, ನಮ್ಮ ಮೆಷರ್‌ಮೆಂಟ್ ಲ್ಯಾಬಿನ ಪಾಠವೇ ಅದು. ಪ್ರತಿ ಅಳತೆಯಲ್ಲಿ ±0.5 ಸೆಂ.ಮೀ. ದೋಷ ಇದ್ದರೆ ಎರಡು ಅಳತೆಗಳ ವ್ಯತ್ಯಾಸದಲ್ಲಿ ಸುಮಾರು ±0.7. ಮೂರು ತಿಂಗಳ ಅಂತರದ ಅಳತೆಯನ್ನು ವರ್ಷಕ್ಕೆ ಮಾಡಲು ನಾಲ್ಕರಿಂದ ಗುಣಿಸಿದರೆ ದೋಷ ±2.8 ಸೆಂ.ಮೀ. ಆಗಿಬಿಡುತ್ತದೆ, ಅದರಲ್ಲಿ ಏನೂ ಹೇಳೋಕಾಗಲ್ಲ. ಆರು ತಿಂಗಳ ಅಂತರ ಇಟ್ಟರೆ ±1.4. ಆದ್ದರಿಂದ ಮೂರು ತಿಂಗಳಿಗೊಮ್ಮೆ ಅಳೆಯಿರಿ, ವೇಗವನ್ನು ಮಾತ್ರ ಆರು ತಿಂಗಳ ಅಂತರದಿಂದ ತೆಗೆಯಿರಿ. ಮನುಷ್ಯನ ಎತ್ತರ ಬೆಳಿಗ್ಗೆಯಿಂದ ಸಂಜೆಗೆ ಹೆಚ್ಚು ಕಡಿಮೆ ಒಂದು ಸೆಂ.ಮೀ. ಇಳಿಯುತ್ತದೆ. ಹಾಗಾಗಿ ಪ್ರತಿ ಸಲ ಅದೇ ಹೊತ್ತು, ಅದೇ ಗೋಡೆ, ಬರಿಗಾಲು.

ಕುಳಿತ ಎತ್ತರ, ಕಾಲಿನ ಉದ್ದ, ತೂಕ, ವಯಸ್ಸು ಸೇರಿಸಿ ಒಂದೇ ಭೇಟಿಯಲ್ಲಿ ಪಕ್ವತೆ ಅಂದಾಜಿಸುವ ಸೂತ್ರವನ್ನು ಕೆನಡಾದ ಮಿರ್ವಾಲ್ಡ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದರು. ಅಕಾಡೆಮಿಗಳಲ್ಲಿ ಅದರ ಬಳಕೆ ಇದೆ. ಆದರೆ ಬಹಳ ಬೇಗ ಅಥವಾ ಬಹಳ ತಡವಾಗಿ ಬೆಳೆಯುವ ಮಕ್ಕಳಲ್ಲೇ ಅದು ಹೆಚ್ಚು ತಪ್ಪುತ್ತದೆ, ನಮಗೆ ಬೇಕಾದವರೇ ಅವರು. ಬೇರೆ ದೇಶದ ಮಕ್ಕಳ ಡೇಟಾದಿಂದ ಬಂದ ಸೂತ್ರವನ್ನು ಕಣ್ಣುಮುಚ್ಚಿ ಇಲ್ಲಿ ಹಾಕುವುದಕ್ಕಿಂತ ಗೋಡೆ ಮತ್ತು ಟೇಪು ಮೇಲು.

ಈ ಘಟ್ಟದಲ್ಲಿ ಇನ್ನೊಂದು ಅಪಾಯ. ಕೈಕಾಲು ಉದ್ದವಾಗುವ ಭರದಲ್ಲಿ ಕೆಲವು ಮಕ್ಕಳ ಹಿಡಿತ, ಸಮತೋಲನ ಕೆಲ ಕಾಲ ಕೆಡುತ್ತದೆ. ಮಂಡಿಯ ಕೆಳಗೆ ನೋವು ಬರುತ್ತದೆ. ಕೋಚ್ "ಇವನ ಆಟ ಇಳೀತು" ಅಂತ ತಂಡದಿಂದ ತೆಗೆಯುತ್ತಾರೆ, ಇಲ್ಲವೇ ಇನ್ನೂ ಹೆಚ್ಚು ಓಡಿಸುತ್ತಾರೆ. ಎರಡೂ ತಪ್ಪು. ಆಗ ಬೇಕಾದದ್ದು ಭಾರ ಕಡಿಮೆ ಮಾಡಿ ಸ್ವಲ್ಪ ಕಾಯುವುದು.

ಗರಡಿ ಮನೆಗೆ ಇದು ಗೊತ್ತಿತ್ತು

ಬೆಳೆದ ಮಟ್ಟದ ಪ್ರಕಾರ ಮಕ್ಕಳನ್ನು ಗುಂಪು ಮಾಡುವುದನ್ನು ಈಗ 'ಬಯೋ-ಬ್ಯಾಂಡಿಂಗ್' ಅಂತಾರೆ. ಇಂಗ್ಲೆಂಡಿನ ಫುಟ್‌ಬಾಲ್ ಅಕಾಡೆಮಿಗಳು ಅದನ್ನು ಪ್ರಯೋಗ ಮಾಡಿವೆ. ನ್ಯೂಜಿಲೆಂಡ್‌ನಲ್ಲಿ ಮಕ್ಕಳ ರಗ್ಬಿಗೆ ತೂಕದ ಗುಂಪುಗಳಿವೆ. ನಮ್ಮ ಶಾಲಾ ಕಬಡ್ಡಿಯಲ್ಲೂ ವಯಸ್ಸಿನ ಜೊತೆ ತೂಕದ ಮಿತಿ ಇದೆ.

ಹೆಸರು ಹೊಸದು, ಕೆಲಸ ಹಳೆಯದು. ನಮ್ಮ ಭಾಗದ ಜಾತ್ರೆಯ ಕುಸ್ತಿಯಲ್ಲಿ ಜೋಡ ಹಚ್ಚುವುದನ್ನು ನೋಡಿದ್ದೀರಲ್ಲ? ಯಾರೂ ಬರ್ತ್ ಸರ್ಟಿಫಿಕೇಟ್ ಕೇಳಲ್ಲ. ಹಿರಿಯರು ಇಬ್ಬರನ್ನು ಎದುರುಬದುರು ನಿಲ್ಲಿಸಿ, ಮೈಕಟ್ಟು ನೋಡಿ, "ಜೋಡ ಕುಂದರತೈತಿ" ಅಂದ ಮೇಲೇ ಕುಸ್ತಿ. ಗರಡಿ ಮನೆಯಲ್ಲಿ ವಸ್ತಾದ ವರ್ಷಕ್ಕೊಮ್ಮೆ ಪಟ್ಟಿ ಹಚ್ಚಿ ಹುಡುಗರನ್ನು ಹೊರಗೆ ಹಾಕುವುದಿಲ್ಲ. ಬಂದವನು ಮಣ್ಣಿಗಿಳಿಯಬಹುದು. ಎರಡು ವರ್ಷ ಸೋತವನು ಮೂರನೇ ವರ್ಷ ಮೈಬಿಟ್ಟಾಗ ಅವನು ಅಲ್ಲೇ ಇರುತ್ತಾನೆ. ಗರಡಿಯಲ್ಲೂ ಕೊರತೆಗಳಿದ್ದವು. ಹುಡುಗಿಯರಿಗೆ ಅಲ್ಲಿ ಜಾಗ ಇರಲಿಲ್ಲ, ಅದು ಸಣ್ಣ ಮಾತಲ್ಲ. ಆದರೆ 'ಬಾಗಿಲು ಮುಚ್ಚಬೇಡ' ಎಂಬ ಒಂದು ನಿಯಮವನ್ನು ಅದು ಪಾಲಿಸಿತ್ತು.

ನಮ್ಮ ಜಿಲ್ಲೆಯ ಇಬ್ಬಗೆ ಸಾಕ್ಷಿ

ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ರಾಜ್ಯದ ಸೈಕ್ಲಿಂಗ್ ತವರು ಅಂತ ಹೆಸರಾಗಿವೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ನಿಲಯಗಳು ಹಳ್ಳಿ ಮಕ್ಕಳನ್ನು ಈ ಆಟಕ್ಕೆ ತಂದಿವೆ. ಊಟ, ವಸತಿ, ಸೈಕಲ್, ಕೋಚ್ ಒಂದೇ ಕಡೆ ಸಿಗದಿದ್ದರೆ ರೇಸಿಂಗ್ ಸೈಕಲ್ಲಿನ ಬೆಲೆಗೆ ಯಾವ ರೈತರ ಮನೆಯೂ ಕೈ ಹಾಕುವ ಹಾಗಿಲ್ಲ. ನಿಲಯಗಳ ಬಲ ಇದು. ಮಿತಿ ಏನಂದ್ರೆ ಸೀಟು ಕಡಿಮೆ. ಹಾಗಾಗಿ ಆ ಒಂದು ಸೆಲೆಕ್ಷನ್ ದಿನಕ್ಕೆ ಇಷ್ಟು ತೂಕ.

ಸೈಕ್ಲಿಂಗ್‌ನಲ್ಲಿ ಒಂದು ಸ್ವಾರಸ್ಯದ ನಿಯಮ ಇತ್ತು. 2022ರವರೆಗೆ ಜೂನಿಯರ್ ರಸ್ತೆ ರೇಸ್‌ಗಳಲ್ಲಿ ಪೆಡಲಿನ ಒಂದು ಸುತ್ತಿಗೆ ಸೈಕಲ್ 7.93 ಮೀಟರ್‌ಗಿಂತ ಹೆಚ್ಚು ದೂರ ಹೋಗುವ ಗೇರ್ ಹಾಕುವಂತಿರಲಿಲ್ಲ. ಬೇಗ ಬಲಿತ ಹುಡುಗ ದೊಡ್ಡ ಗೇರ್ ಹಾಕಿ ಬರೀ ಶಕ್ತಿಯಿಂದ ಗೆಲ್ಲುವುದಕ್ಕೆ ಅದು ಕಡಿವಾಣ, ಎಳೆಯ ಮಂಡಿಗಳಿಗೆ ರಕ್ಷಣೆ, ವೇಗವಾಗಿ ಪೆಡಲ್ ತುಳಿಯುವ ಕೌಶಲ ಕಲಿಸುವ ಉಪಾಯ. 2023ರಿಂದ ಅಂತರರಾಷ್ಟ್ರೀಯ ಸಂಸ್ಥೆ ಆ ಮಿತಿ ತೆಗೆದಿದೆ. ತೆಗೆದದ್ದು ಸರಿಯೋ ಅಲ್ಲವೋ ಎಂಬ ವಾದ ಬೇರೆ. ಮೈಯ ಬಲ ಮತ್ತು ಕೌಶಲ ಎರಡನ್ನೂ ನಿಯಮದಿಂದ ಬೇರ್ಪಡಿಸಬಹುದು ಅನ್ನೋದು ನಮಗೆ ಇಲ್ಲಿ ಮುಖ್ಯ.

ಇನ್ನೊಂದು ಸಾಕ್ಷಿ ರಾಜೇಶ್ವರಿ ಗಾಯಕವಾಡ, ನಮ್ಮ ವಿಜಯಪುರದವರು. ಶಾಲಾ ದಿನಗಳಲ್ಲಿ ಬೇರೆ ಆಟಗಳಲ್ಲಿದ್ದು ಕ್ರಿಕೆಟ್‌ಗೆ ತಡವಾಗಿ ಬಂದವರು. 2014ರ ಜನವರಿಯಲ್ಲಿ ಭಾರತ ತಂಡಕ್ಕೆ ಮೊದಲ ಏಕದಿನ ಪಂದ್ಯ ಆಡಿದರು. 2017ರ ಜುಲೈ 15ರಂದು ಡರ್ಬಿಯಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತರು. ನ್ಯೂಜಿಲೆಂಡ್ 79ಕ್ಕೆ ಆಲೌಟ್, ಭಾರತ ಸೆಮಿಫೈನಲ್‌ಗೆ. ಹದಿಮೂರರ ವಯಸ್ಸಿಗೆ ಕ್ರಿಕೆಟ್ ಪಟ್ಟಿ ಅಂತಿಮ ಮಾಡಿ ಬಾಗಿಲು ಹಾಕುವ ವ್ಯವಸ್ಥೆಯಲ್ಲಿ ಈ ಹೆಸರಿಗೆ ಜಾಗ ಎಲ್ಲಿರುತ್ತಿತ್ತು?

ಕಬಡ್ಡಿಯಲ್ಲೂ ತಡವಾದ ಬಾಗಿಲೊಂದು ತೆರೆದಿದೆ. ಪ್ರೊ ಕಬಡ್ಡಿಯ 'ಫ್ಯೂಚರ್ ಕಬಡ್ಡಿ ಹೀರೋಸ್' ಯೋಜನೆ ಹುಡುಕಿದ್ದು 18–22ರ ಯುವಕರನ್ನು. ಆ ವಯಸ್ಸಿಗೆ ಬೆಳವಣಿಗೆಯ ಗೊಂದಲ ಬಹುತೇಕ ಮುಗಿದಿರುತ್ತದೆ. ಆದರೆ 13ಕ್ಕೆ ಮನೆಗೆ ಕಳಿಸಿದ ಹುಡುಗ 18ರ ತನಕ ಆಡುತ್ತಲೇ ಇದ್ದರೆ ಮಾತ್ರ ಆ ಬಾಗಿಲು ಅವನ ಪಾಲಿಗೆ ತೆರೆದದ್ದು. ಆ ಐದು ವರ್ಷ ಅವನನ್ನು ಹಿಡಿದಿಡುವ ಯಾವ ಏರ್ಪಾಡೂ ಊರಲ್ಲಿ ಇರೋದಿಲ್ಲ. ಹುಡುಗಿಯರಿಗಂತೂ 'ಮುಂದಿನ ವರ್ಷ ಬಾ' ಅನ್ನುವುದು ಬಹಳ ಸಲ 'ಇನ್ನು ಬರಬೇಡ' ಅಂದಂತೆಯೇ. ಆ ವರ್ಷದೊಳಗೆ ಮನೆಯವರ ಮನಸ್ಸು ಬದಲಾಗಿರುತ್ತದೆ.

ನಾವು ಮಾಡಬಹುದಾದದ್ದು

1895ರ ಗಿರಣಿ ಕೂಲಿಗಳ ಮಾತಿಗೆ ವಾಪಸ್ ಬರೋಣ. ಆಟಕ್ಕೆ ಹೋದ ದಿನದ ಕೂಲಿ ಯಾರು ತುಂಬಬೇಕು? ಮಮದಾಪುರದಿಂದ ಸೆಲೆಕ್ಷನ್‌ಗೆ ಬರುವ ಮನೆಗೂ ಅದೇ ಪ್ರಶ್ನೆ. ಒಂದು ಸಲ ಬರಲು ಖರ್ಚು ಮಾಡಿದವರು ಎರಡನೇ ಸಲ ಬರಲ್ಲ. ಆದ್ದರಿಂದ ಎರಡನೇ ಅವಕಾಶ ಮಗುವಿನ ಊರಿಗೇ ಹೋಗಬೇಕು. ಇಲ್ಲಿ ಕಾಲೇಜಿನ ಒಂದು ತಂಡ ಮಾಡಬಹುದಾದ ಕೆಲಸ ಇಷ್ಟು:

1. ಒಂದು ಹಳ್ಳಿ ಹೈಸ್ಕೂಲ್ ಆರಿಸಿಕೊಳ್ಳಿ. ಮುಖ್ಯೋಪಾಧ್ಯಾಯರ, ಪಿ.ಇ. ಟೀಚರ ಒಪ್ಪಿಗೆ, ಪೋಷಕರ ಸಹಿ ಮೊದಲು.

2. ಮೂರು ತಿಂಗಳಿಗೊಮ್ಮೆ ಎಂಟು ಮತ್ತು ಒಂಬತ್ತನೇ ತರಗತಿಯ ಎಲ್ಲ ಮಕ್ಕಳ ಎತ್ತರ, ಕುಳಿತ ಎತ್ತರ, ತೂಕ, 30 ಮೀಟರ್ ಓಟ ದಾಖಲಿಸಿ. ತಂಡದಲ್ಲಿ ಇರುವವರನ್ನಷ್ಟೇ ಅಲ್ಲ, ಎಲ್ಲರನ್ನೂ. ಹುಡುಗಿಯರ ಅಳತೆಯನ್ನು ಹುಡುಗಿಯರೇ ತೆಗೆದುಕೊಳ್ಳಲಿ.

3. ಮಕ್ಕಳ ತೂಕ, ಎತ್ತರ ವಾಟ್ಸಾಪ್ ಗ್ರೂಪಿಗೆ ಹಾಕುವ ವಸ್ತು ಅಲ್ಲ. ಹೆಸರಿನ ಬದಲು ನಂಬರ್ ಇರಲಿ, ಹೆಸರಿನ ಪಟ್ಟಿ ಶಾಲೆಯಲ್ಲೇ ಇರಲಿ.

4. ವರ್ಷಕ್ಕೊಮ್ಮೆ ಪಿ.ಇ. ಟೀಚರಿಗೆ ಒಂದೇ ಪುಟದ ವರದಿ ಕೊಡಿ: "ಈ ಮಕ್ಕಳು ಇನ್ನೂ ಬೆಳೆಯುತ್ತಿದ್ದಾರೆ, ಇವರನ್ನು ಈಗಲೇ ಬಿಡಬೇಡಿ." ಆರಿಸುವ ಕೆಲಸ ನಮ್ಮದಲ್ಲ, ಅದು ಕೋಚ್‌ಗಳದು. ಎರಡನೇ ಸಲ ನೋಡಬೇಕಾದವರ ಪಟ್ಟಿ ಕೊಡುವುದಷ್ಟೇ ನಮ್ಮ ಪಾಲು.

5. ಮುಂದೆ ಬರದ ಮಕ್ಕಳನ್ನೂ ಮರೆಯಬೇಡಿ. ದೊಡ್ಡ ಕ್ಲಬ್ಬುಗಳ ಅಕಾಡೆಮಿಯಲ್ಲೂ ಬಹುಪಾಲು ಹುಡುಗರು ವೃತ್ತಿ ಆಟಗಾರರಾಗುವುದಿಲ್ಲ. ಅದಕ್ಕೇ ಅಲ್ಲಿ ಓದು, ಕಸುಬಿನ ತರಬೇತಿ ಜೊತೆಗೆ ನಡೆಯುತ್ತದೆ. ಅಳತೆಗೆ ಹೋದ ದಿನ ಒಂದು ಗಂಟೆ ಗಣಿತವನ್ನೂ ಹೇಳಿಕೊಟ್ಟು ಬರುವುದು ನಮಗೆ ಭಾರವಲ್ಲ.

ಇದಕ್ಕೆ ಬೇಕಾದದ್ದು ಟೇಪು, ಸ್ಟಾಪ್‌ವಾಚ್, ತೂಕದ ಯಂತ್ರ, ಒಂದು ಎಕ್ಸೆಲ್ ಶೀಟು ಮತ್ತು ವರ್ಷಕ್ಕೆ ನಾಲ್ಕು ಶನಿವಾರ. ಕಷ್ಟದ ಭಾಗ ಎರಡನೇ ವರ್ಷವೂ ಹೋಗುವುದು. ಡೆರಿವೇಟಿವ್ ಬೇಕಾದರೆ ಒಂದೇ ಬಿಂದು ಸಾಲದು.

ಅಭ್ಯಾಸಕ್ಕೆ ಮೂರು ಪ್ರಶ್ನೆ

ಒಂದು: ಅಳತೆಯ ದೋಷ ±0.3 ಸೆಂ.ಮೀ.ಗೆ ಇಳಿದರೆ ನಾಲ್ಕು ತಿಂಗಳ ಅಂತರದಲ್ಲಿ ವಾರ್ಷಿಕ ವೇಗದ ದೋಷ ಎಷ್ಟು? ಆರು ತಿಂಗಳಿಗೇ ಕಾಯಬೇಕೇ?

ಎರಡು: ಒಂದು ತಂಡದ ಎಲ್ಲ ಮಕ್ಕಳ ಹುಟ್ಟಿದ ತಿಂಗಳು ಸಮನಾಗಿ ಹಂಚಿದೆ. ಇದರಿಂದಲೇ ಆಯ್ಕೆ ನ್ಯಾಯವಾಗಿದೆ ಎನ್ನಬಹುದೇ? ಜೂನ್ 1ರ ಮಾತು ನೆನಪಿಟ್ಟು ಉತ್ತರಿಸಿ.

ಮೂರು: ನಿಮ್ಮ ಹೈಸ್ಕೂಲ್ ತಂಡದಲ್ಲಿ ಎಂಟನೇ ತರಗತಿಯಲ್ಲಿ ಬಿಟ್ಟುಹೋದವರಲ್ಲಿ ಈಗ ನಿಮಗಿಂತ ಎತ್ತರ ಇರುವವರು ಎಷ್ಟು ಜನ? ಊರಿಗೆ ಹೋದಾಗ ಎಣಿಸಿ ನೋಡಿ.